ನಮ್ಮ ಕಾಲುವೆಯಲ್ಲಿ ದೋಣಿ ಯಾಕಿಲ್ಲ?



ಇವತ್ತಿನ ಕಥೆ ಒಂದು ರೀಲ್‌ನಿಂದ ಶುರುವಾಗುತ್ತೆ. ನೀವೂ ನೋಡಿರಬಹುದು. ಇಂಗ್ಲೆಂಡಿನ ಯಾವುದೋ ಕಾಲುವೆ. ಎರಡೂ ದಂಡೆಯಲ್ಲಿ ಹಸಿರು. ರೈಲು ಡಬ್ಬಿಯ ಹಾಗೆ ಉದ್ದಕ್ಕೆ, ಸಣ್ಣಗೆ ಇರೋ ಒಂದು ದೋಣಿ. ಅದರೊಳಗೆ ಅಡುಗೆಮನೆ, ಹಾಸಿಗೆ, ಎಲ್ಲಾ ಇದೆ. ನಾಲ್ಕೈದು ಜನ ದೋಸ್ತರು ವಾರಕ್ಕೆ ಅಂತ ಬಾಡಿಗೆಗೆ ತಗೊಂಡು, ಚಹಾ ಕುಡೀತಾ, ನಡೆಯೋ ವೇಗದಲ್ಲಿ ಹೋಗ್ತಾ ಇದಾರೆ. ಅದಕ್ಕೆ ನ್ಯಾರೋಬೋಟ್ ಅಂತಾರೆ.

ಈ ರೀಲ್ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ಯಾವುದಾದರೂ ವಾಟ್ಸಾಪ್ ಗ್ರೂಪಿಗೆ ಬಂತು ಅಂದ್ಕೊಳ್ಳಿ. ಮೊದಲ ಮೆಸೇಜ್ ಏನು ಬರುತ್ತೆ ಗೊತ್ತಾ? "ಲೇ, ನಮ್ಮ ಕಡೀನೂ ಇಷ್ಟುದ್ದ ಕಾಲುವಿ ಅದಾವಲ್ಲೋ. ನಮ್ಮಲ್ಲಿ ಯಾಕ ಇಂಥಾದ್ದೊಂದು ದೋಣಿ ಇಲ್ಲ?"

ತಮಾಷೆಗೆ ಕೇಳಿದ್ರೂ ಇದು ಒಳ್ಳೆ ಪ್ರಶ್ನೆ. ಯಾಕಂದ್ರೆ ಇದಕ್ಕೆ ಉತ್ತರ ಹುಡುಕಿದ್ರೆ ಒಂದು ಭೀಕರ ಬರ ಸಿಗುತ್ತೆ, ಒಬ್ಬ ಹಟಮಾರಿ ಎಂಜಿನಿಯರ್ ಸಿಗ್ತಾನೆ, ಒಂದು ರೈಲ್ವೆ ಕಂಪನಿ ಸಿಗುತ್ತೆ. ಕೊನೆಗೆ, ನೀರು ಯಾರಿಗೆ ಅನ್ನೋ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತೆ.

ಕಲ್ಲಿದ್ದಲಿಗಾಗಿ ತೋಡಿದ ಕಾಲುವೆ

ಮೊದಲು ಆ ಇಂಗ್ಲೆಂಡಿನ ದೋಣಿಯ ಕಥೆ ಮುಗಿಸೋಣ. ಆ ಕಾಲುವೆಗಳನ್ನು ಯಾರೂ ರಜೆ ಕಳೆಯೋಕೆ ತೋಡಿದ್ದಲ್ಲ. 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ಅಂತ ಒಂದು ಶುರುವಾಯಿತು. ಒಬ್ಬ ಶ್ರೀಮಂತ ಡ್ಯೂಕನ ಕಲ್ಲಿದ್ದಲು ಗಣಿಯಿಂದ ಮ್ಯಾಂಚೆಸ್ಟರ್ ಊರಿಗೆ ಕಲ್ಲಿದ್ದಲು ಸಾಗಿಸೋದು ಅದರ ಕೆಲಸ. ಅದನ್ನು ಕಟ್ಟಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಕಾಲುವೆ ಬಂದ ಮೇಲೆ ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ದರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು.

ಯಾಕೆ ಅಂತೀರಾ? ಲೆಕ್ಕ ಸರಳ. ಒಂದು ಕುದುರೆ ಕೆಟ್ಟ ರಸ್ತೆಯಲ್ಲಿ ಗಾಡಿ ಎಳೆದರೆ ಒಂದೆರಡು ಟನ್ ಎಳೆಯಬಹುದು. ಅದೇ ಕುದುರೆ ದಂಡೆಯ ಮೇಲೆ ನಡೀತಾ, ನಿಂತ ನೀರಿನಲ್ಲಿ ತೇಲೋ ದೋಣಿಯನ್ನು ಹಗ್ಗದಿಂದ ಎಳೆದರೆ 25–30 ಟನ್ ಎಳೆಯುತ್ತೆ. ನಮ್ಮ ಕಡೆ ಕಬ್ಬಿನ ಗಾಡಿ ಎಳೆಯೋ ಎತ್ತುಗಳ ಕಷ್ಟ ನೋಡಿದವರಿಗೆ ಇದರ ಬೆಲೆ ತಕ್ಷಣ ಅರ್ಥ ಆಗುತ್ತೆ.

ಆದರೆ ನೆಲ ಎಲ್ಲಾ ಕಡೆ ಸಮ ಇರೋದಿಲ್ಲವಲ್ಲ. ಗುಡ್ಡ ಹತ್ತಬೇಕು, ಇಳಿಯಬೇಕು. ಅದಕ್ಕೆ ಲಾಕ್ ಅಂತ ಕಟ್ಟಿದರು. ನೀರಿನ ಮೆಟ್ಟಿಲು ಅನ್ನಿ. ಹಿಂದೊಂದು, ಮುಂದೊಂದು ಬಾಗಿಲು ಇರೋ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಹಾಕಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತೆ, ನೀರು ಬಿಟ್ಟರೆ ಕೆಳಗಿಳಿಯುತ್ತೆ. ಬ್ರಿಂಡ್ಲಿಯ ಕಾಲುವೆಗಳಲ್ಲಿ ಈ ತೊಟ್ಟಿಯ ಅಗಲವನ್ನು ಸುಮಾರು 7 ಅಡಿ ಅಂತ ಇಟ್ಟರು. ಹಾಗಾಗಿ ದೋಣಿಯೂ 7 ಅಡಿಗಿಂತ ಅಗಲ ಇರೋ ಹಾಗಿಲ್ಲ. ಉದ್ದ ಮಾತ್ರ 70 ಅಡಿ ದಾಟಬಹುದು. ರೀಲ್‌ನಲ್ಲಿ ಆ ದೋಣಿ ಪೆನ್ಸಿಲ್ ಬಾಕ್ಸ್ ಹಾಗೆ ಕಾಣೋದಕ್ಕೆ ಕಾರಣ ಇಷ್ಟೇ.

ಆಮೇಲೆ ರೈಲು ಬಂತು. 1830ರ ನಂತರ ಸರಕು ಒಂದೊಂದಾಗಿ ಹಳಿಯ ಮೇಲೆ ಹೋಯಿತು. ದೋಣಿಯವರ ಕೂಲಿ ಬಿತ್ತು. ದಂಡೆಯಲ್ಲಿ ಮನೆ ಇಟ್ಟುಕೊಳ್ಳೋಕೆ ಆಗದೆ ಅನೇಕರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಕೆಲವೇ ಅಡಿಯ ಕೋಣೆಯಲ್ಲಿ ಇಡೀ ಸಂಸಾರ. ಇವತ್ತು ರಜೆಗೆ ಹೋದವರು "ಎಷ್ಟು ಮುದ್ದಾಗಿದೆ" ಅನ್ನೋ ಆ ಪುಟ್ಟ ಕೋಣೆ ಒಂದು ಕಾಲದಲ್ಲಿ ಬಡವರ ಮನೆ.

1944ರಲ್ಲಿ ಎಲ್.ಟಿ.ಸಿ. ರೋಲ್ಟ್ ಅನ್ನೋರು ಈ ದೋಣಿಯಲ್ಲಿ ತಾವು ಬದುಕಿದ ದಿನಗಳ ಬಗ್ಗೆ 'ನ್ಯಾರೋ ಬೋಟ್' ಅಂತ ಪುಸ್ತಕ ಬರೆದರು. ಅದನ್ನು ಓದಿದವರು ಸೇರಿ 1946ರಲ್ಲಿ ಕಾಲುವೆ ಉಳಿಸೋಕೆ ಒಂದು ಸಂಘ ಕಟ್ಟಿದರು. 1962–63ರ ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ವಾರಗಟ್ಟಲೆ ದೋಣಿ ನಿಂತವು, ಸರಕು ಸಾಗಣೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆದರೆ ಕಾಲುವೆ ಸಾಯಲಿಲ್ಲ. ಇವತ್ತು ಸುಮಾರು 2,000 ಮೈಲಿ ಜಲಮಾರ್ಗವನ್ನು ಒಂದು ಟ್ರಸ್ಟ್ ನೋಡಿಕೊಳ್ಳುತ್ತೆ. ಬಾಡಿಗೆ ದೋಣಿ ನಡೆಸೋಕೆ ಲೈಸೆನ್ಸ್ ಬೇಡ, ಕೊಡೋವಾಗ ಒಂದಿಷ್ಟು ಹೊತ್ತು ಕಲಿಸಿಕೊಡ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ. ಅಂದ್ರೆ ಆರೂವರೆ ಕಿಲೋಮೀಟರ್‌ಗೂ ಕಡಿಮೆ. ಲಾಕ್ ಬಂದಾಗ ಒಬ್ಬರು ದೋಣಿ ಹಿಡೀಬೇಕು, ಉಳಿದ ದೋಸ್ತರು ಇಳಿದು ಬಾಗಿಲು ತಳ್ಳಬೇಕು. ಸುಮ್ಮನೆ ಕೂರೋ ಪ್ರವಾಸ ಅಲ್ಲ ಅದು.

ತುಂಗಭದ್ರೆಯಿಂದ ಕಾರವಾರಕ್ಕೆ ದೋಣಿ!

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಇಂಥ ಕನಸು ಯಾರೂ ಕಾಣಲಿಲ್ಲ ಅಂದ್ಕೊಂಡ್ರೆ ತಪ್ಪು. ಸರ್ ಆರ್ಥರ್ ಕಾಟನ್ ಅನ್ನೋ ಎಂಜಿನಿಯರ್ ಇಡೀ ಜೀವಮಾನ ಅದನ್ನೇ ಕಂಡ. ಗೋದಾವರಿಗೆ ಧವಳೇಶ್ವರದಲ್ಲಿ 1852ರ ಹೊತ್ತಿಗೆ ಅಣೆಕಟ್ಟು ಕಟ್ಟಿಸಿದ್ದು ಇವನೇ. ಅಲ್ಲಿನ ಕಾಲುವೆಗಳು ಗದ್ದೆಗೆ ನೀರನ್ನೂ ಕೊಟ್ಟವು, ದೋಣಿಯನ್ನೂ ಹೊತ್ತವು. ಆ ಕಡೆಯ ಜನ ಇವತ್ತಿಗೂ ಅವನ ಪ್ರತಿಮೆಗೆ ಹೂವು ಹಾಕ್ತಾರೆ.

ಕಾಟನ್‌ನ ವಾದ ಒಂದೇ: ಭಾರತಕ್ಕೆ ರೈಲಿಗಿಂತ ಮೊದಲು ನೀರು ಬೇಕು. ಒಂದೇ ಕಾಲುವೆ ಹೊಲವನ್ನೂ ನೋಡಿಕೊಳ್ಳುತ್ತೆ, ಸರಕನ್ನೂ ಅಗ್ಗದಲ್ಲಿ ಸಾಗಿಸುತ್ತೆ. 1870ರ ದಶಕದಲ್ಲಿ ಅವನು ಮುಂದಿಟ್ಟ ನಕ್ಷೆಯಲ್ಲಿ ದೇಶಾದ್ಯಂತ ಸುಮಾರು 4,000 ಮೈಲಿ ದೋಣಿ ದಾರಿಗಳಿದ್ದವು. ಅದರಲ್ಲಿ ಒಂದು ಎಳೆ ಯಾವುದು ಗೊತ್ತಾ? ತುಂಗಭದ್ರೆಯ ಗುಂಟ ಮೇಲೆ ಬಂದು, ಘಟ್ಟ ದಾಟಿ, ಕಾರವಾರದ ಸಮುದ್ರಕ್ಕೆ!

ಒಮ್ಮೆ ಕಲ್ಪನೆ ಮಾಡಿ. ಘಟ್ಟದ ಮೇಲಿನ ನಮ್ಮ ನೆಲ ಸಮುದ್ರಕ್ಕಿಂತ ಸುಮಾರು 500 ಮೀಟರ್ ಎತ್ತರ. ಒಂದು ಲಾಕ್ ಎರಡೂವರೆ ಮೀಟರ್ ಇಳಿಸುತ್ತೆ ಅಂದ್ರೂ 200 ಲಾಕ್ ಬೇಕು. ಕಾರವಾರದ ಮೀನು ಬರೋ ಹೊತ್ತಿಗೆ ಒಣಮೀನು ಆಗಿರ್ತಿತ್ತು ಬಿಡಿ.

ಆದರೆ ಪೂರ್ವ ದಿಕ್ಕಿಗೆ ಆ ಕನಸು ಅರ್ಧ ನಿಜ ಆಯಿತು. 1858ರಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಹುಟ್ಟಿತು. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತ್ರಿಯನ್ನು ಸರ್ಕಾರವೇ ಕೊಟ್ಟಿತು. ನಮ್ಮ ತುಂಗಭದ್ರೆಯ ನೀರನ್ನು ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ತಡೆದು, ಕಡಪದವರೆಗೆ ಸುಮಾರು 190 ಮೈಲಿ ಕಾಲುವೆ ತೋಡಿದರು. 1863ರಿಂದ 1870ರವರೆಗೆ ಕೆಲಸ ನಡೀತು. ನೀರಾವರಿಗೂ ಆಗಬೇಕು, ದೋಣಿಗೂ ಆಗಬೇಕು ಅಂತ ಲಾಕ್‌ಗಳನ್ನೂ ಕಟ್ಟಿದರು. ಮುಂದೆ ಸಮುದ್ರದವರೆಗೆ ಒಯ್ಯೋ ಯೋಚನೆ ಇತ್ತು.

ಆಗಿದ್ದೇನು? ನದಿಯಲ್ಲಿ ನೀರು ವರ್ಷವಿಡೀ ಒಂದೇ ಸಮ ಇರಲಿಲ್ಲ. ಅದು ಎರೆ ನೆಲ, ಜೋಳ ತಿನ್ನೋ ಜನ. ಮಳೆಯಾದ ವರ್ಷ ಎರೆ ಹೊಲಕ್ಕೆ ಕಾಲುವೆ ನೀರು ಯಾಕೆ, ಅದಕ್ಕೆ ದುಡ್ಡು ಯಾಕೆ ಅಂತ ರೈತರು ಮುಂದೆ ಬರಲಿಲ್ಲ. ಆದಾಯ ಆಗಲಿಲ್ಲ, ಬಡ್ಡಿ ಮಾತ್ರ ಖಜಾನೆಯಿಂದ ಹೋಗ್ತಾ ಇತ್ತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಕರ್ನೂಲು–ಕಡಪ ಕಾಲುವೆ ಇವತ್ತಿಗೂ ಹೊಲಕ್ಕೆ ನೀರು ಕೊಡುತ್ತೆ. ದೋಣಿ ಮಾತ್ರ ಇಲ್ಲ.

ಬರ ಬರೆದ ತೀರ್ಪು

ಈ ನಡುವೆ 1876 ಬಂತು. ಧಾತು, ಈಶ್ವರ ಸಂವತ್ಸರಗಳ ಬರ. ಬೆಳಗಾವಿ, ಕಲಾದಗಿ, ಧಾರವಾಡ, ಬಳ್ಳಾರಿ, ಮೈಸೂರು ಎಲ್ಲಾ ಕಡೆ ಮಳೆ ಕೈಕೊಟ್ಟಿತು. 1878ರ ತನಕ ದಕ್ಷಿಣ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ಒಂದು ಮಾತು ಗಮನಿಸಿ. ದೇಶದಲ್ಲಿ ಕಾಳು ಇರಲಿಲ್ಲ ಅಂತಲ್ಲ. ಆ ವರ್ಷಗಳಲ್ಲೂ ಹಡಗಿನಲ್ಲಿ ಧಾನ್ಯ ಹೊರದೇಶಕ್ಕೆ ಹೋಗ್ತಾ ಇತ್ತು. ಹಸಿದ ಊರಿಗೆ ಕಾಳು ಮುಟ್ಟಲಿಲ್ಲ, ಮುಟ್ಟಿದರೂ ಕೊಳ್ಳೋಕೆ ಜನರ ಕೈಯಲ್ಲಿ ದುಡ್ಡು ಇರಲಿಲ್ಲ. ಬೆಳಗಾವಿ ಜಿಲ್ಲೆಗೆ ಆಗ ರೈಲೇ ಇಲ್ಲ. ದೂರದ ನಿಲ್ದಾಣದಿಂದ ಚಕ್ಕಡಿಯಲ್ಲಿ ತರಬೇಕು. ಮೇವು ಇಲ್ಲದೆ ಎತ್ತುಗಳೇ ಸತ್ತಿದ್ದವು. ಚಕ್ಕಡಿ ಎಳೆಯೋರು ಯಾರು?

ಲಂಡನ್ನಿನಲ್ಲಿ ಜೋರು ಜಗಳ ಶುರುವಾಯಿತು. 1878ರಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ ಕಾಟನ್ ಹಾಜರಾದ. ರೈಲಿಗೆ ಸುರಿದ ಹಣವನ್ನು ಕಾಲುವೆಗೆ ಹಾಕಿದ್ದರೆ ಬೆಳೆಯೂ ಬರ್ತಿತ್ತು, ಕಾಳೂ ಸಾಗ್ತಿತ್ತು ಅನ್ನೋದು ಅವನ ವಾದ. ಎದುರಿನವರು ಕರ್ನೂಲಿನ ನಷ್ಟದ ಲೆಕ್ಕ ತೋರಿಸಿದರು. 1880ರ ಬರಗಾಲ ಆಯೋಗ ನೀರಾವರಿ ಬೇಕು ಅಂದಿತು. ಆದರೆ ಕಾಳು ಸಾಗಿಸೋಕೆ ರೈಲೇ ಬೇಕು, ದೇಶಕ್ಕೆ 20,000 ಮೈಲಿ ಹಳಿ ಬೇಕು ಅಂದಿತು.

ಅಂದ್ರೆ ಕೆಲಸ ಎರಡು ಪಾಲಾಯಿತು. ನೀರು ಹೊಲಕ್ಕೆ, ಸರಕು ಹಳಿಗೆ. ನಮ್ಮ ಗೋಕಾಕ–ಹುಕ್ಕೇರಿ ಸೀಮೆಯಲ್ಲಿ ಆಮೇಲೆ ಬಂದದ್ದನ್ನೆಲ್ಲಾ ನೋಡಿದರೆ ಈ ತೀರ್ಪು ನೆಲದ ಮೇಲೆ ಬರೆದ ಹಾಗೇ ಕಾಣುತ್ತೆ.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಬರದ ಸೀಮೆಗೆ ಅಂತಲೇ. ಆ ದಶಕ ಮುಗಿಯೋದರೊಳಗೆ ಬೆಳಗಾವಿಗೆ ರೈಲು ಬಂತು. ಈಗಿನ ಘಟಪ್ರಭಾ ನಿಲ್ದಾಣ ಇದೆಯಲ್ಲ, ಅದನ್ನು ಮೊದಲು ಗೋಕಾಕ ರೋಡ್ ಅಂತ ಕರೀತಿದ್ದರು. 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಬೀಳೋ ನೀರಿನ ಬಲದಿಂದ ಹತ್ತಿ ಗಿರಣಿ ತಿರುಗೋಕೆ ಶುರುವಾಯಿತು. ಫಾಲ್ಸ್‌ಗಿಂತ ಸ್ವಲ್ಪ ಮೇಲೆ, ಧೂಪದಾಳದಲ್ಲಿ, ಘಟಪ್ರಭೆಗೆ ಅಡ್ಡ ಒಡ್ಡು ಎದ್ದಿತು, 1897ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಕಾಲುವೆ ಹೊಲಕ್ಕೆ ಮಾತ್ರ. ಲಾಕ್ ಇಲ್ಲ, ದೋಣಿಗಟ್ಟೆ ಇಲ್ಲ.

ಸ್ವಾತಂತ್ರ್ಯದ ನಂತರ ಆ ಎಡದಂಡೆ ಕಾಲುವೆ ಮೊದಲು 71 ಕಿಲೋಮೀಟರ್, ಆಮೇಲೆ 109 ಕಿಲೋಮೀಟರ್ ಆಗಿ, ಗೋಕಾಕ, ಮೂಡಲಗಿ ಸೀಮೆ ದಾಟಿ ಬಾಗಲಕೋಟೆ ಜಿಲ್ಲೆ ಕಡೆ ಹೋಯಿತು. 1977ರಲ್ಲಿ ಹಿಡಕಲ್ ಅಣೆಕಟ್ಟು, ಅಂದ್ರೆ ರಾಜಾ ಲಖಮಗೌಡ ಜಲಾಶಯ, ಪೂರ್ತಿಯಾಯಿತು. ಅದರ ಸಾಮರ್ಥ್ಯ 51 ಟಿಎಂಸಿ. ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಎದ್ದು ಕಾಣುತ್ತೆ. ನಮ್ಮ ಕಾಲುವೆಯ ನೀರಿಗೆ ಯಾರೋ ತಮ್ಮ ಮನೆ, ಹೊಲ, ಗುಡಿ ಕೊಟ್ಟಿದಾರೆ ಅನ್ನೋದು ನೆನಪಿರಲಿ.

ಬೆಲ್ಲದ ಬಾಗೇವಾಡಿಯ ಹೆಸರನ್ನೇ ನೋಡಿ. ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿ, ಬೆಳಗಾವಿ ಹತ್ತಿರ ಹಿರೇಬಾಗೇವಾಡಿ, ಇಲ್ಲಿ ಬೆಲ್ಲದ ಬಾಗೇವಾಡಿ. ಇಂಗ್ಲೆಂಡಿನಲ್ಲಿ ಇದ್ದಿದ್ದರೆ ಈ ಬೆಲ್ಲದ ಪೆಂಟೆಗಳು ದೋಣಿ ಹತ್ತುತ್ತಿದ್ದವು. ಇಲ್ಲಿ ಅವು ಚಕ್ಕಡಿ ಹತ್ತಿದವು, ರೈಲು ಹತ್ತಿದವು, ಈಗ ಲಾರಿ ಹತ್ತುತ್ತವೆ.

ಒಂದು ದೋಣಿ, ಒಂದು ಎಕರೆ

"ಆಗ ಕಟ್ಟಲಿಲ್ಲ ಸರಿ, ಈಗ ಒಂದು ದೋಣಿ ಇಳಿಸಿಬಿಡೋಣ" ಅಂತೀರಾ? ಇಲ್ಲಿ ಕಾಲುವೆಯ ಗುಣ ಅರ್ಥ ಮಾಡಿಕೊಳ್ಳಬೇಕು.

ದೋಣಿ ಕಾಲುವೆಗೆ ನಿಂತ ನೀರು ಬೇಕು. ಕೆರೆಯನ್ನು ಉದ್ದಕ್ಕೆ ಎಳೆದ ಹಾಗೆ. ನೀರಾವರಿ ಕಾಲುವೆ ಹಾಗಲ್ಲ, ಅದಕ್ಕೆ ಇಳಿಜಾರು ಬೇಕು, ನೀರು ಓಡಬೇಕು. ಸೆಕೆಂಡಿಗೆ ಒಂದು ಮೀಟರ್ ಓಡೋ ನೀರು ಅಂದ್ರೆ ಗಂಟೆಗೆ 3.6 ಕಿಲೋಮೀಟರ್. ಗಂಟೆಗೆ 6 ಕಿಲೋಮೀಟರ್ ಹೋಗೋ ದೋಣಿ ಅದರ ಎದುರು ಹೋದ್ರೆ 2.4 ಕಿಲೋಮೀಟರ್ ಮಾತ್ರ ಸಾಗುತ್ತೆ. ದಂಡೆಯ ಮೇಲೆ ನಡೆಯೋ ಅಜ್ಜ ನಿಮ್ಮನ್ನು ಹಿಂದೆ ಹಾಕ್ತಾನೆ. ದಾರಿಯಲ್ಲಿ ಗೇಟುಗಳು, ನೀರು ಧುಮುಕೋ ಇಳಿತಗಳು, ತಲೆಗೆ ತಾಗೋ ಸೇತುವೆಗಳು. ಜೊತೆಗೆ ನೀರು ಪಾಳಿ ಪ್ರಕಾರ ಬರುತ್ತೆ. ಪಾಳಿ ಮುಗಿದ ದಿನ ನಿಮ್ಮ ದೋಣಿ ಕೆಸರಲ್ಲಿ.

ಗೋಕಾಕ ಫಾಲ್ಸ್ ಪಕ್ಕ ದೋಣಿ ಇಳಿಸಬೇಕು ಅಂದ್ರೆ? ಫಾಲ್ಸ್ 52 ಮೀಟರ್. ಇಂಗ್ಲೆಂಡಿನ ಕೇನ್ ಹಿಲ್ ಅನ್ನೋ ಕಡೆ 72 ಮೀಟರ್ ಏರೋಕೆ 29 ಲಾಕ್ ಇವೆ, ದಾಟೋಕೆ ಐದಾರು ಗಂಟೆ ಬೇಕು. ಅದೇ ಲೆಕ್ಕದಲ್ಲಿ ನಮಗೆ 21 ಲಾಕ್, ಸುಮಾರು ನಾಲ್ಕು ಗಂಟೆ.

ಈಗ ಮುಖ್ಯ ಲೆಕ್ಕ. ಒಂದು ಲಾಕ್ 22 ಮೀಟರ್ ಉದ್ದ, 2.1 ಮೀಟರ್ ಅಗಲ, ಏರಿಳಿತ ಎರಡೂವರೆ ಮೀಟರ್ ಅಂದ್ರೆ ಒಂದು ಸಲ ತುಂಬೋಕೆ ಸುಮಾರು 1 ಲಕ್ಷ 15 ಸಾವಿರ ಲೀಟರ್ ನೀರು. ಒಂದು ಎಕರೆ ಹೊಲದ ಮೇಲೆ ಒಂದು ಇಂಚು ನೀರು ನಿಲ್ಲಿಸೋಕೆ ಬೇಕಾಗೋದು 1 ಲಕ್ಷ 3 ಸಾವಿರ ಲೀಟರ್. ಅಂದ್ರೆ ಲಾಕ್ ಒಮ್ಮೆ ತುಂಬಿ ಖಾಲಿಯಾದರೆ ಮೇಲಿನ ಭಾಗದಿಂದ ಒಂದು ಎಕರೆಯ ಒಂದು ಇಂಚು ನೀರು ಕೆಳಗೆ ಹೋಯಿತು. ಆ ನೀರು ಹಾಳಾಗೋದಿಲ್ಲ, ಕೆಳಗಿನ ಹೊಲಕ್ಕೆ ಸಿಗಬಹುದು, ನಿಜ. ಆದರೆ ಯಾವಾಗ ಬಿಡಬೇಕು ಅನ್ನೋದನ್ನು ಯಾರು ಹೇಳಬೇಕು, ದೋಣಿಯೋ ಬೆಳೆಯೋ? ಮಳೆ ಹೇರಳ ಇರೋ ಇಂಗ್ಲೆಂಡಿನಲ್ಲೂ ಬೇಸಿಗೆ ಒಣಗಿದ ವರ್ಷ ಕೆಲವು ಲಾಕ್ ಮುಚ್ಚಿ ದೋಣಿ ನಿಲ್ಲಿಸ್ತಾರೆ. ನಮ್ಮ ಕಾಲುವೆಯ ಕೊನೆಯ ಹೊಲದವರನ್ನು ಕೇಳಿ: "ನೀರು ನಮ್ಮ ತನಕ ಬರೋದ ಇಲ್ರಿ" ಅನ್ನೋದು ಅವರ ಹಳೇ ದೂರು. ಅವರ ಎದುರು ನಿಂತು ರಜೆಯ ದೋಣಿಗೆ ನೀರು ಕೇಳೋ ಧೈರ್ಯ ನನಗಂತೂ ಇಲ್ಲ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಬೇಸಿಗೆ ಬಂದ ಕೂಡಲೇ ದೋಸ್ತರು ಸೇರಿ ಕಾಲುವೆಗೆ ಈಜೋಕೆ ಹೋಗ್ತೀವಿ. ಮೇಲಿಂದ ನೀರು ಶಾಂತವಾಗಿ ಕಾಣುತ್ತೆ, ಒಳಗೆ ಸೆಳೆತ ಇರುತ್ತೆ. ಕಾಂಕ್ರೀಟ್ ಹಾಕಿದ ಇಳಿಜಾರು ಪಾಚಿಯಿಂದ ಜಾರುತ್ತೆ, ಹಿಡಿದು ಹತ್ತೋಕೆ ಬೇರಿಲ್ಲ, ಕಲ್ಲಿಲ್ಲ. ಒಬ್ಬನನ್ನು ಉಳಿಸೋಕೆ ಇನ್ನೊಬ್ಬ ಹಾರಿ ಇಬ್ಬರೂ ಹೋದ ಸುದ್ದಿಗಳನ್ನು ನಾವೆಲ್ಲಾ ಓದಿದೀವಿ. ಇದು ಮನುಷ್ಯ ಇಳಿಯೋಕೆ ಕಟ್ಟಿದ ನೀರಲ್ಲ. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಪಂಚೆ, ಉದ್ದ ಬಡಿಗೆ, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಕೂಗಿ ಜನ ಸೇರಿಸಿ.

ಹಾಗಾದ್ರೆ ದೋಣಿ ಎಲ್ಲಿ?

ನಮ್ಮಲ್ಲಿ ದೋಣಿ ಇರಲೇ ಇಲ್ಲ ಅಂತಲ್ಲ. ಅದು ಕಾಲುವೆಯಲ್ಲಿರಲಿಲ್ಲ, ನದಿಯಲ್ಲಿತ್ತು. ಉದ್ದಕ್ಕೆ ಹೋಗ್ತಿರಲಿಲ್ಲ, ಅಡ್ಡ ದಾಟಿಸ್ತಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹರಿಗೋಲು ನೋಡಿ ಬೆರಗಾಗಿದ್ದ. ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದ್ರೆ ಕುದುರೆ, ಎತ್ತೂ ದಾಟಬಹುದು, ಗಿರಗಿರ ತಿರುಗುತ್ತಲೇ ಹೋಗುತ್ತೆ ಅಂತ ಬರೆದಿದಾನೆ. ಅದೇ ಊರಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆಗೆ ನೀರು ಕೊಡ್ತಾ ಇವೆ. ಹರಿಗೋಲು ನದಿಗೆ, ಕಾಲುವೆ ಬೆಳೆಗೆ. ನಮ್ಮ ಹಿರಿಯರು ಈ ಲೆಕ್ಕವನ್ನು ಕಾಟನ್‌ಗಿಂತ ಮುಂಚೆಯೇ ಮುಗಿಸಿದ್ದರು.

2016ರಲ್ಲಿ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗ ಅಂತ ಪಟ್ಟಿ ಮಾಡಿತು. ಅದರಲ್ಲಿ ನಮ್ಮ ಘಟಪ್ರಭೆಯ ಹೆಸರೂ ಇದೆ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಬೇಸಿಗೆಯ ಹೊಳೆಯಲ್ಲಿ ನೀರು ಬರೋದಿಲ್ಲ ಅಲ್ವಾ?

ದೋಸ್ತರ ಜೊತೆ ದೋಣಿಯಲ್ಲೇ ರಾತ್ರಿ ಕಳೀಬೇಕು ಅನ್ನೋ ಆಸೆ ಇದ್ದರೆ ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿಗೆ ಹೋಗಿ. ಅಲ್ಲಿ ಹೌಸ್‌ಬೋಟ್ ಬಾಡಿಗೆಗೆ ಸಿಗುತ್ತೆ. ಕೇರಳದ ಕೆಟ್ಟುವಳ್ಳಂ ಕೂಡ ಮೊದಲು ಅಕ್ಕಿ ಹೊರುತ್ತಿದ್ದ ದೋಣಿ, ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ರಸ್ತೆ, ಲಾರಿ ಬಂದ ಮೇಲೆ ಕೆಲಸ ಕಳಕೊಂಡು, ಆಮೇಲೆ ಪ್ರವಾಸಿಗರ ಮನೆ ಆಯಿತು. ನ್ಯಾರೋಬೋಟ್‌ನ ಕಥೆಯೇ, ಬೇರೆ ಭಾಷೆಯಲ್ಲಿ.

ಅಷ್ಟು ದೂರ ಬೇಡ ಅಂದ್ರೆ, ಚಳಿಗಾಲದ ಒಂದು ಬೆಳಗ್ಗೆ ಧೂಪದಾಳಕ್ಕೆ ಹೋಗಿ. ಒಡ್ಡಿನ ಹಿಂದಿನ ನೀರು ಈಗ ಘಟಪ್ರಭಾ ಪಕ್ಷಿಧಾಮ. ದೂರದೇಶದ ಕೊಕ್ಕರೆ, ಕ್ರೌಂಚ ಹಕ್ಕಿಗಳು ಬರ್ತವೆ. ಆಮೇಲೆ ಕಾಲುವೆಯ ದಂಡೆ ಹಿಡಿದು, ನೀರಿನಿಂದ ದೂರ ನಿಂತು, ಒಂದಿಷ್ಟು ನಡೀರಿ. ನ್ಯಾರೋಬೋಟ್ ಹೋಗೋದೂ ಅದೇ ವೇಗದಲ್ಲಿ. ಜೊತೆಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಒಂದೇ ಪ್ರಶ್ನೆ ಕೇಳಿ: "ಅಜ್ಜಾ, ನಮ್ಮ ಹೊಲಕ್ಕ ಮೊದಲ ಸಲ ನೀರು ಬಂದ ದಿನ ನಿಮಗ ನೆನಪೈತೇನ್ರಿ?"

ಅವರು ಹೇಳೋದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. 1897ರ ಕಲ್ಲು ಇನ್ನೂ ನೂರು ವರ್ಷ ಇರಬಹುದು. ಆ ದಿನ ನೋಡಿದ ಕಣ್ಣುಗಳು ಬಹಳ ದಿನ ಇರೋದಿಲ್ಲ.